ಜೂನ್ ಒಂದರ ಅಕ್ಕೋರು

ನಮ್ಮ ಅಕ್ಕೋರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಒಂದು ಗಂಟು ಇತ್ತು. ಕಡಲೆಕಾಳಿನಷ್ಟು ದಪ್ಪ, ಮುಟ್ಟಿದರೆ ಗಟ್ಟಿ. ಮೂವತ್ತಕ್ಕೂ ಹೆಚ್ಚು ವರ್ಷ ಶಾಯಿ ಪೆನ್ನು ಒತ್ತಿ ಒತ್ತಿ ಆದದ್ದು. ಸುತ್ತಲಿನ ಚರ್ಮ ಯಾವಾಗಲೂ ನೀಲಿ; ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ನಾವು ಪಾಟಿಯ ಮೇಲೆ ಅಕ್ಷರ ತಿದ್ದುವಾಗ ಹಿಂದಿನಿಂದ ಬಂದು ಕೈ ಹಿಡಿದು ಬರೆಸುತ್ತಿದ್ದರು. ಆಗ ಆ ಗಂಟು ನಮ್ಮ ಬೆರಳಿಗೆ ಒತ್ತುತ್ತಿತ್ತು. ನನಗೆ ಅಕ್ಷರ ಕೊಟ್ಟದ್ದು ಆ ಕೈ ಎಂದು ಈಗಲೂ ಹೇಳುತ್ತೇನೆ. ನನ್ನ ತಂಗಿಯನ್ನು ಕೊಂದದ್ದೂ ಅದೇ ಕೈ ಎಂದು ಹತ್ತು ಜನರ ಮುಂದೆ ಕೂಗಿ ಹೇಳಿದವಳೂ ನಾನೇ. ಎರಡು ಮಾತನ್ನೂ ನಾನು ವಾಪಸ್ ತೆಗೆದುಕೊಂಡಿಲ್ಲ.

ಅಕ್ಕಲಕೋಟದಿಂದ ದುಧನಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ನಮ್ಮದು ಕುರಿ ಸಾಕುವ ಮನೆತನ, ಬೀರೋಬನ ಒಕ್ಕಲು. ಊರಲ್ಲಿ ಏಳನೆಯವರೆಗೆ ಕನ್ನಡ ಸಾಲೆ ಇತ್ತು. ಪಾಠ ಹೇಳುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಇವರು ಅಕ್ಕಲಕೋಟದವರು. ಗಂಡ ಸ್ಕೂಟರಿನ ಮೇಲೆ ಸ್ಟ್ಯಾಂಡಿಗೆ ತಂದು ಬಿಡುತ್ತಿದ್ದರು. ಎಂಟು ಗಂಟೆಯ ಎಸ್‌ಟಿ ಹತ್ತಿ ಬರುತ್ತಿದ್ದರು. ಗಂಟಲಿಗೆಂದು ದವಡೆಯಲ್ಲಿ ನಾಲ್ಕು ಓಂಕಾಳು ಇಟ್ಟುಕೊಂಡಿರುತ್ತಿದ್ದರು. ಎದುರಿಗೆ ನಿಂತು ಮಾತಾಡಿದರೆ ಅದೇ ವಾಸನೆ. ಯಾರಾದರೂ "ನಾಳಿ ಬರ್ತೀನ್ರಿ" ಅಂದರೆ ಸಾಕು, "ನಾಳಿ ಅಂದ್ರ ಯಾವ ವಾರ?" ಎಂದು ಕೇಳುತ್ತಿದ್ದರು. ವಾರದ ಹೆಸರು ಹೇಳಿಸದೆ ಬಿಡುತ್ತಿರಲಿಲ್ಲ. ಇನ್ನೊಂದು ಮಾತು ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು: "ಬಾಯಿಲೆ ಹೇಳಬ್ಯಾಡ, ಬರದು ತೋರಸು." ಅಕ್ಕಲಕೋಟದ ಸಂತೆಯಲ್ಲಿ ಕಂಡರೂ ಹಾಜರಿ ಪುಸ್ತಕದಲ್ಲಿದ್ದ ಪೂರ್ತಿ ಹೆಸರು ಹಿಡಿದೇ ಕೂಗುತ್ತಿದ್ದರು. ಅಪ್ಪನೂ ಅವರ ಶಿಷ್ಯನೇ. ಮೀಸೆ ಬಂದ ಗಂಡಸು, ಹೆಗಲ ಮೇಲೆ ಕಂಬಳಿ, ಸಂತೆಯ ನಡುವೆ ನಿಂತು "ಹಾಜರ್ರಿ ಅಕ್ಕೋರ" ಅಂದದ್ದನ್ನು ಕಂಡು ನಾನೂ ತಂಗಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಾವು ಸಾಲೆಗೆ ಸೇರಿದ ಕತೆ ಹೇಳಬೇಕು. ಉಳಿದದ್ದೆಲ್ಲ ಅಲ್ಲಿಂದಲೇ ಹೊರಟದ್ದು.

ನನಗೆ ಆಗ ಆರು, ತಂಗಿಗೆ ನಾಲ್ಕು. ಅಪ್ಪ ಅವ್ವ ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂಡಿನ ಜೊತೆ ಊರ ಹೊರಗೆ. ಮನೆಯಲ್ಲಿ ಇದ್ದವಳು ಕಣ್ಣು ಮಂಜಾದ ಆಯಿ, ಅಪ್ಪನ ತಾಯಿ. ಹಾಗಾಗಿ ತಂಗಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಸಾಲೆಯ ಕಿಟಕಿಗೆ ಬಂದು ನಿಂತು ಒಳಗಿನ ಪಾಠ ಕೇಳುತ್ತಿದ್ದೆ. ಒಂದು ದಿನ ಅಕ್ಕೋರು ಹೊರಗೆ ಬಂದರು. "ಯಾಕ ನಿಂತೀ? ಒಳಗ ಬಾ" ಅಂದರು. "ತಂಗಿ ಅದಾಳ್ರಿ" ಅಂದೆ. "ಆಕಿನೂ ಬರ್ಲಿ, ಜಾಗಾ ಏನು ನುಂಗ್ತಾಳ?"

ಎರಡು ತಿಂಗಳು ಹಾಗೇ ನಡೆಯಿತು. ತಂಗಿ ಮಧ್ಯಾಹ್ನದ ಹೊತ್ತಿಗೆ ಅಕ್ಕೋರ ತೊಡೆಯ ಮೇಲೆ ಮಲಗಿಬಿಡುತ್ತಿದ್ದಳು. ಒಂದೆರಡು ಸಲ ಅವರ ಸೀರೆ ತೋಯಿಸಿದ್ದೂ ಉಂಟು. ಆಮೇಲೆ ಮೇಲಿನಿಂದ ಸಾಹೇಬರು ಬಂದು, ಹೆಸರೇ ಇಲ್ಲದ ಈ ಕೂಸು ವರ್ಗದಲ್ಲಿ ಯಾಕಿದೆ ಎಂದು ಕೇಳಿದರು. ಇವಳನ್ನು ಹೊರಗೆ ಹಾಕಿದರೆ ನಾನೂ ಹೊರಗೆ; ಅದು ಅಕ್ಕೋರಿಗೆ ಗೊತ್ತಿತ್ತು. ಅವತ್ತು ಸಂಜೆ ರಜಿಸ್ಟರ್ ಹಿಡಿದುಕೊಂಡು ಮನೆಗೆ ಬಂದರು. "ಎಂದ ಹುಟ್ಯಾವ ಇವೆರಡು?" ಎಂದು ಆಯಿಯನ್ನು ಕೇಳಿದರು.

"ದೊಡ್ಡಾಕಿ ಮಳಿಗಾಲದಾಗ ಹುಟ್ಟ್ಯಾಳ. ಸಣ್ಣಾಕಿ ಅಡವ್ಯಾಗ ಹುಟ್ಟ್ಯಾಳ. ಯಾವ ತಾರೀಖ ಅಂತ ಹೇಳ್ಲೆ ನನ್ನವ್ವ?" ಅಂದಳು ಆಯಿ.

ಅಕ್ಕೋರು ಪೆನ್ನಿನ ಟೋಪಿ ತೆಗೆದು ಇಬ್ಬರಿಗೂ ಒಂದೇ ತಾರೀಖು ಬರೆದರು. ಜೂನ್ ಒಂದು. ವರ್ಷವೂ ಒಂದೇ. ನಮ್ಮ ಕಡೆ ಇದು ಹೊಸದಲ್ಲ. ಸಾಲೆ ಜೂನಿನಲ್ಲಿ ಶುರುವಾಗುತ್ತದೆ, ಆರು ತುಂಬಿರಬೇಕು, ತಾರೀಖು ಯಾರಿಗೂ ನೆನಪಿಲ್ಲ. ಹಾಕು ಜೂನ್ ಒಂದು. ನಮ್ಮೂರಿನ ಅರ್ಧ ಮಂದಿ ಹುಟ್ಟಿದ್ದು ಅವತ್ತೇ. ರಜಿಸ್ಟರ್ ನಂಬುವುದಾದರೆ ಆ ದಿನ ಸೂಲಗಿತ್ತಿಗೆ ಉಸಿರಾಡುವುದಕ್ಕೂ ಪುರಸೊತ್ತು ಇದ್ದಿರಲಿಕ್ಕಿಲ್ಲ. ಅಕ್ಕೋರು ಪುಸ್ತಕ ಮುಚ್ಚಿ, "ಇನ್ನ ಮ್ಯಾಲೆ ಇವು ಅವಳಿ ಜವಳಿ, ಸರ್ಕಾರದ ಲೆಕ್ಕಕ್ಕ" ಎಂದು ನಕ್ಕರು. ನಾವೂ ನಕ್ಕೆವು. ತಂಗಿಯ ಆಯುಷ್ಯಕ್ಕೆ ಎರಡು ವರ್ಷ ಸೇರಿಸಿದ್ದು ನನಗೆ ಸಾಲೆ ಸಿಗಲಿ ಎಂದು. ಈ ಮಾತು ನನ್ನ ಎದೆಯಲ್ಲಿ ಮುರಿದ ಮುಳ್ಳಿನಂತೆ ಇದೆ, ತೆಗೆಯಲು ಬರುವುದಿಲ್ಲ.

ಏಳನೆಯದು ಮುಗಿದಾಗ ನನಗೆ ಹದಿಮೂರು, ತಂಗಿಗೆ ಹನ್ನೊಂದು. ಮುಂದಿನ ಕನ್ನಡ ಸಾಲೆ ಅಕ್ಕಲಕೋಟದಲ್ಲಿ. ಎಸ್‌ಟಿಯಲ್ಲಿ ದಿನಾ ಹೋಗಿ ಬರುವ ಹೆಣ್ಣುಮಕ್ಕಳನ್ನು ನಮ್ಮ ಓಣಿ ಸುಮ್ಮನೆ ಬಿಡುವುದಿಲ್ಲ. ಸಾಲೆ ಬಿಟ್ಟೆವು. ಎರಡು ವರ್ಷದ ಮೇಲೆ ಅಕ್ಕೋರೂ ನಿವೃತ್ತರಾದರು. ಹಾರ ಹಾಕಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸಿದ್ದಾಯಿತು. ಮರುವಾರ ಸೋಮವಾರ ನೋಡಿದರೆ ಅದೇ ಎಂಟು ಗಂಟೆಯ ಎಸ್‌ಟಿಯಿಂದ ಅಕ್ಕೋರು ಇಳಿದರು! "ಅಕ್ಕೋರಿಗೆ ರಿಟಾಯರ್ ಆಗಿದ್ದು ಮರತೈತಿ" ಎಂದು ಊರು ನಕ್ಕಿತು. ಅವರು ಸಾಲೆಯ ಕಡೆ ಹೋಗಲಿಲ್ಲ. ಬೀರೋಬನ ಗುಡಿಯ ಕಟ್ಟೆಯ ಮೇಲೆ ಒಂದು ಹಲಗೆ ಆನಿಸಿ, ಸೆರಗಿನಿಂದ ಕಲ್ಲು ಒರೆಸಿ ಕುಳಿತರು. ಆಮೇಲೆ ಸಾಲೆ ಬಿಟ್ಟ ಹುಡುಗಿಯರ ಮನೆಮನೆಗೆ ಹೋಗಿ ಕರೆದರು. "ಸತರಾ ನಂಬರ್ ಫಾರ್ಮ್ ಅಂತ ಅದ. ಸಾಲಿಗೆ ಹೋಗದೇನೂ ಹತ್ತನೇದು ಕಟ್ಟಬಹುದು. ನಾ ಓದಿಸ್ತೀನಿ. ನಿಮಗೇನು ಖರ್ಚಿಲ್ಲ, ನನಗ ಹೊತ್ತು ಹೋಗಂಗಿಲ್ಲ."

ಹನ್ನೊಂದು ಹುಡುಗಿಯರು ಸೇರಿದೆವು. ಕುರಿ ಹೊರಡುವ ಮೊದಲು ಎರಡು ತಾಸು ಪಾಠ. ಅವರ ಚೀಲದಲ್ಲಿ ಕಟಿ ರೊಟ್ಟಿ, ಶೇಂಗಾ ಹಿಂಡಿ ಇರುತ್ತಿತ್ತು. ಹಸಿದು ಬಂದವಳಿಗೆ ಮೊದಲು ಅದು, ಆಮೇಲೆ ಪುಸ್ತಕ. ಹದಿನೇಳಕ್ಕೆ ನಾನು ಹತ್ತನೆಯದು ಪಾಸಾದೆ. ತಂಗಿಯದು ಮುಂದಿನ ವರ್ಷ ಎಂದು ಅಕ್ಕೋರು ತಡೆದರು, "ಇನ್ನೂ ಎಳೀದು, ತಾಳ್ಲಿ" ಅಂದರು. ಲೆಕ್ಕದಲ್ಲಿ ಅವಳು ನನಗಿಂತ ಜಾಣೆ. ಓಡುವ ಹಿಂಡನ್ನು ನಿಂತಲ್ಲಿಂದಲೇ ಎಣಿಸಿ ಒಂದು ಕುರಿ ಕಡಿಮೆ ಇದ್ದರೂ ಹೇಳುತ್ತಿದ್ದಳು. ದುಧನಿಯ ಸ್ಟೇಷನ್ನಿನಲ್ಲಿ ಒಮ್ಮೆ ಕರಿ ಕೋಟು ಹಾಕಿದ ಹೆಣ್ಣುಮಗಳು ಟಿಕೆಟ್ ತಪಾಸು ಮಾಡುವುದನ್ನು ನೋಡಿದ್ದಳು. ಅವತ್ತಿನಿಂದ ಅದೇ ಹುಚ್ಚು. "ಅಪ್ಪನ ಕಡೀನೂ ಟಿಕೆಟ್ ಕೇಳ್ತೀನಿ, ಇಲ್ಲಂದ್ರ ಇಳಸ್ತೀನಿ" ಅನ್ನುತ್ತಿದ್ದಳು. ಅಕ್ಕೋರು ಅವಳ ಹತ್ತನೆಯದರ ಫಾರ್ಮು ತುಂಬಿದರು.

ಆ ವರ್ಷ ತುಳಸಿ ಲಗ್ನ ಮುಗಿದ ಮೇಲೆ ನಮಗೆ ಗಂಡು ಗೊತ್ತಾಯಿತು. ನಮಗೆ ಅಂದರೆ ಇಬ್ಬರಿಗೂ. ಊರಿನ ಆಚೆ ಓಣಿಯ ಅಣ್ಣತಮ್ಮಂದಿರು. ಅಣ್ಣನಿಗೆ ನಾನು, ತಮ್ಮನಿಗೆ ತಂಗಿ. ಒಂದೇ ಹಂದರ, ಒಂದೇ ಮನೆ. ನನಗೆ ಹದಿನೆಂಟು ತುಂಬಿತ್ತು. ತಂಗಿಗೆ ಹದಿನಾರು. ಅವಳು ನನ್ನ ಕಡೆ ನೋಡಿದಳು. "ಪರೀಕ್ಷಾ?" ಅಂದಳು. ನಾನೇನು ಹೇಳಿದೆ ಗೊತ್ತೇ? "ಹುಚ್ಚಿ, ಒಂದ ಮನ್ಯಾಗ ಇರ್ತೀವಿ, ಅಲ್ಲಿಂದನ ಬರಿ." ಅವಳನ್ನು ಬಿಟ್ಟು ಇರಬೇಕಾಗಿಲ್ಲ ಎಂದು ನಾನೇ ಕುಣಿದಿದ್ದೆ. ಇದನ್ನು ಬಿಟ್ಟು ಅಕ್ಕೋರ ತಪ್ಪನ್ನಷ್ಟೇ ಬರೆದರೆ ನನ್ನ ಬಾಯಲ್ಲಿ ಹುಳ ಬೀಳಲಿ.

ಸುದ್ದಿ ತಿಳಿದ ದಿನವೇ ಅಕ್ಕೋರು ಮನೆಗೆ ಬಂದರು. ಅಪ್ಪ ಎದ್ದು ನಿಂತು, ಚಾಪೆ ಹಾಸಿ, ಚಾ ಮಾಡಿಸಿದ.

"ದೊಡ್ಡಾಕಿದು ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಸಣ್ಣಾಕಿ ಇನ್ನೂ ಹದಿನಾರರಾಕಿ. ಕಾಯದೇಕ ಬರಂಗಿಲ್ಲ. ಎರಡ ವರ್ಷ ತಡಿ" ಅಂದರು ಅಕ್ಕೋರು.

ಅಪ್ಪ ಜಗಳ ಆಡಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಚೀಲ ತಂದ. ಅದರಲ್ಲಿ ನಮ್ಮಿಬ್ಬರ ಸಾಲೆ ಬಿಟ್ಟ ದಾಖಲೆ. ತಂಗಿಯದನ್ನು ಬಿಡಿಸಿ ಅಕ್ಕೋರ ಮುಂದೆ ಇಟ್ಟ. "ಹದಿನೆಂಟು ಮುಗದಾವಲ್ರಿ. ಇದು ನಿಮ್ಮ ಅಕ್ಷರ ಹೌದಲ್ರಿ ಅಕ್ಕೋರ?"

ಚುಚ್ಚುಮಾತಲ್ಲ ಅದು. ಅಪ್ಪ ಮರ್ಯಾದೆಯಿಂದಲೇ ಕೇಳಿದ್ದ. ಅಕ್ಕೋರು ಆ ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಚಾ ಬಸಿಯಲ್ಲಿಯೇ ಕೆನೆಗಟ್ಟಿತು. ಎದ್ದು ಹೋದರು.

ಅಲ್ಲಿಂದ ನೇರ ಗ್ರಾಮಸೇವಕರ ಬಳಿ ಹೋದರಂತೆ. ಇಂಥ ಮದುವೆ ನಿಲ್ಲಿಸುವ ಅಧಿಕಾರ ಅವರದು. ಅವರು ದಾಖಲೆ ನೋಡಿ ಮರಾಠಿಯಲ್ಲಿ ಹೇಳಿದರಂತೆ, "ಬಾಯಿ, ಸಹೀ ತರ ತುಮ್ಚೀಚ ಆಹೆ." ಸಹಿ ನಿಮ್ಮದೇ ಇದೆಯಲ್ಲ, ಹುಡುಗಿ ಸಣ್ಣವಳು ಎಂದು ನಾನು ಯಾವ ಆಧಾರದ ಮೇಲೆ ಬರೆಯಲಿ? ನಾನು ಸುಳ್ಳು ತಾರೀಖು ಹಾಕಿದ್ದೆ ಎಂದು ನೀವು ಬರೆದುಕೊಡಿ, ಮದುವೆ ನಿಲ್ಲಿಸುತ್ತೇನೆ. ಆದರೆ ಚೌಕಶಿ, ವಿಚಾರಣೆ ಎಲ್ಲ ಆಗುತ್ತದೆ, ನಿಮ್ಮ ಮೇಲೆ ಕೇಸೂ ಆಗಬಹುದು, ವಿಚಾರ ಮಾಡಿ ಬರೆಯಿರಿ ಎಂದರಂತೆ.

ಬಾಯಿಲೆ ಹೇಳಬ್ಯಾಡ, ಬರದು ತೋರಸು ಎಂದು ಎರಡು ಪೀಳಿಗೆಗೆ ಕಲಿಸಿದವರು ಅಂದು ಬರೆಯದೆ ಅಕ್ಕಲಕೋಟಕ್ಕೆ ಹೋದರು. ಎಂಟು ದಿನ ಬರಲಿಲ್ಲ. ಕಟ್ಟೆಯ ಮೇಲೆ ಹಲಗೆ ಖಾಲಿ ಇತ್ತು. ಜ್ವರ ಬಂದಿರಬೇಕು ಎಂದುಕೊಂಡೆವು.

ಒಂಬತ್ತನೆಯ ದಿನ ನಮ್ಮ ಮದುವೆ. ಅಕ್ಕಿಕಾಳು ಬೀಳುತ್ತಿದ್ದಾಗ ಹಂದರದ ಆಚೆ ಅಕ್ಕೋರು ನಿಂತದ್ದು ಕಂಡಿತು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಕೈಯಲ್ಲಿ ಮಡಿಚಿದ ಕಾಗದ. ನನಗೆ ಖುಷಿಯೋ ಖುಷಿ, ಆಶೀರ್ವಾದಕ್ಕೆ ಬಂದಿದ್ದಾರೆ ಎಂದು! ತಂಗಿ ಹೋಗಿ ಕಾಲು ಮುಟ್ಟಿದಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟು ತುಂಬ ಹೊತ್ತು ತೆಗೆಯಲಿಲ್ಲ. ಆಮೇಲೆ ಕಾಗದವನ್ನು ಚೀಲದೊಳಗೆ ಹಾಕಿದರು. ಪಂಕ್ತಿಗೆ ಕೂರಿಸಿದೆವು. ಎಲೆಯಲ್ಲಿ ಗೋದಿ ಹುಗ್ಗಿ ಬಡಿಸಿದ್ದು ಬಡಿಸಿದ ಹಾಗೇ ಉಳಿಯಿತು.

ಮಾರ್ಚಿನಲ್ಲಿ ತಂಗಿಯ ಹಾಲ್ ಟಿಕೆಟ್ ಬಂತು. ಅಕ್ಕೋರೇ ತಂದುಕೊಟ್ಟರು. ಅತ್ತೆ ಅದನ್ನು ದೇವರ ಜಗಲಿಯ ಮೇಲೆ ಇಟ್ಟಳು. ಪರೀಕ್ಷೆ ನಡೆದ ದಿನಗಳಲ್ಲಿ ಜೋಳದ ರಾಶಿ ಇತ್ತು. ತಂಗಿ ಹೊಲದಲ್ಲಿದ್ದಳು, ನಾನೂ ಇದ್ದೆ.

ಹಟ್ಟಿ ಹಬ್ಬದ, ಅಂದರೆ ದೀಪಾವಳಿಯ ವಾರದಲ್ಲಿ ನನಗೆ ಗಂಡುಮಗು ಆಯಿತು. ಸಂಕ್ರಾಂತಿಯ ಹೊತ್ತಿಗೆ ತಂಗಿಗೆ ಎಂಟು ತಿಂಗಳು ತುಂಬಿತ್ತು. ಕಾಲು ಬಾತಿದ್ದವು, ತಲೆನೋವು ಎನ್ನುತ್ತಿದ್ದಳು. ಬಸುರಿಗೆ ಇದು ಇದ್ದದ್ದೇ ಎಂದು ಎಲ್ಲರೂ ಹೇಳಿದೆವು. ಹಬ್ಬದ ಮರುದಿನ ಬೆಳಿಗ್ಗೆ ಒಲೆಯ ಮುಂದೆ ಝಟಕೆ ಬಂದು, ಕೈಕಾಲು ಸೆಟೆದು ಬಿದ್ದಳು. ಗಾಡಿ ಮಾಡಿಕೊಂಡು ಅಕ್ಕಲಕೋಟ, ಅಲ್ಲಿಂದ ಸೋಲಾಪುರ. ಕುಂಭಾರಿ ದಾಟುವಾಗ ಅವಳಿಗೆ ಒಮ್ಮೆ ಎಚ್ಚರ ಬಂತು. "ಅಕ್ಕಾ, ಕಣ್ಣು ಕಾಣಾಕತ್ತಿಲ್ಲ" ಅಂದಳು. ದೊಡ್ಡ ದವಾಖಾನೆಯಲ್ಲಿ ಕೂಸನ್ನು ಉಳಿಸಿದರು. ಹೆಣ್ಣುಕೂಸು, ಅಂಗೈಯಷ್ಟು. ತಾಯಿಯನ್ನು ಉಳಿಸಲು ಡಾಕ್ಟರರು ಮೂರು ದಿನ ಒದ್ದಾಡಿದರು. ಆಗಲಿಲ್ಲ.

ಕೇಸ್ ಪೇಪರ್ ಬರೆಯುವಾಗ ಸಿಸ್ಟರು ವಯಸ್ಸು ಕೇಳಿದ್ದರು. ಅತ್ತೆ ಆಧಾರ್ ಮುಂದೆ ಹಿಡಿದಳು. ಸಾಲೆಯ ತಾರೀಖೇ ಅದರಲ್ಲೂ. ಹತ್ತೊಂಬತ್ತು ಎಂದು ಬರೆದರು. ಹದಿನೇಳು ಎಂದು ಹೇಳಬೇಕಿತ್ತು, ನಾನೂ ಹೇಳಲಿಲ್ಲ. ಸತ್ತ ಮೇಲೆ ಕೊಟ್ಟ ಕಾಗದದಲ್ಲೂ ಹತ್ತೊಂಬತ್ತೇ. ನನ್ನ ತಂಗಿ ಬದುಕದ ಎರಡು ವರ್ಷ ಅವಳ ಹೆಸರಿನ ಮೇಲೆ ಇಂದಿಗೂ ಇವೆ.

ಮಣ್ಣಾದ ಮೂರನೆಯ ದಿನ ಅಕ್ಕೋರು ಮಾತಾಡಿಸಲು ಬಂದರು. ಅಂಗಳ ತುಂಬ ಹೆಂಗಸರು. ಅವರ ಕೈ ನೋಡಿದೆ, ಆ ನೀಲಿ ಬೆರಳು ನೋಡಿದೆ. "ನೀವ ಕೊಂದ್ರಿ ಆಕಿನ್ನ! ಆ ಪೆನ್ನಿಲೇ ಕೊಂದ್ರಿ!" ಎಂದು ಕೂಗಿದೆ. ಅವ್ವ ನನ್ನ ಬಾಯಿ ಮುಚ್ಚಲು ಬಂದಳು. ಅಕ್ಕೋರು ಬೇಡ ಎಂದು ಕೈ ಅಡ್ಡ ಹಿಡಿದರು.

"ಹೌದು" ಅಂದರು. "ಆ ಎಂಟು ದಿನ ಮುಂಜಾನಿ ಬರದೀನಿ, ಸಂಜಿಗೆ ಹರದೀನಿ. ಹೆದರಿದೆ. ಇನ್ನೊಂದು ಹೇಳ್ತೀನಿ ಕೇಳು. ಆಕಿ ಹೆಸರ ಹಚ್ಚಿದ್ದು ಬರೇ ನಿನ್ನ ಸಲವಾಗಿ ಅಲ್ಲ. ಆ ವರ್ಷ ಪಟಸಂಖ್ಯಾ ಕಡಿಮಿ ಬಿದ್ದಿತ್ತು. ಮಕ್ಕಳು ಸಾಲಲಿಲ್ಲಂದ್ರ ನನ್ನ ಬದಲಿ ಮಾಡ್ತಿದ್ರು. ನನಗೂ ಒಂದು ಹೆಸರ ಬೇಕಾಗಿತ್ತು."

ಅವರು ಹೇಳಿರದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅದು. ಅವರಿಗೆ ಹೇಳಬೇಕಾಗಿರಲಿಲ್ಲ, ಹೇಳಿದರು. ನಾನು ಮಾತ್ರ ಅವರಿಗೆ ಬೆನ್ನು ತಿರುಗಿಸಿ ಕುಳಿತೆ. ಒಂದು ವರ್ಷ ಮಾತು ಬಿಟ್ಟೆ.

ಆ ಒಂದು ವರ್ಷ ಅವರು ಏನು ಮಾಡಿದರು ಎಂಬುದನ್ನು ನಾನು ಬೇರೆಯವರ ಬಾಯಲ್ಲಿ ಕೇಳಿದ್ದು. ಮೊದಲು ಅಕ್ಕಲಕೋಟದ ಕಚೇರಿಗೆ ಹೋಗಿ ತಾವು ಸುಳ್ಳು ತಾರೀಖು ಹಾಕಿದ್ದಾಗಿ ಬರೆದುಕೊಟ್ಟರು. ಆಮೇಲೆ ಒಂದು ಉದ್ದ ನೋಟುಬುಕ್ಕು ಮಾಡಿಕೊಂಡು, ತಾವು ಜೂನ್ ಒಂದು ಹಾಕಿದ ಹುಡುಗಿಯರ ಪೈಕಿ ಇನ್ನೂ ಮದುವೆಯಾಗದವರ ಮನೆಗಳಿಗೆಲ್ಲ ಹೋದರು. ಮುದುಕಿಯರ ಪಕ್ಕ ಕುಳಿತು ಕೇಳುವುದು. ಆಗ ತೊಗರಿ ರಾಶಿ ಆಗಿತ್ತೋ ಇಲ್ಲೋ? ನಾಗರಪಂಚಮಿ ಮುಂದಿತ್ತೋ ಹಿಂದಿತ್ತೋ? ಕುರಿ ಮರಿ ಹಾಕಿದ್ದವೋ? ಹಾಗೆ ಕೇಳಿ ಕೇಳಿ ಖರೇ ತಾರೀಖಿನ ಹತ್ತಿರ ಬರುವುದು, ತಾಯಿಯ ಹೆಬ್ಬೆಟ್ಟು ಒತ್ತಿಸುವುದು, ತಮ್ಮ ಪ್ರತಿಜ್ಞಾಪತ್ರ ಜೋಡಿಸಿ ತಿದ್ದುಪಡಿಗೆ ಹಾಕುವುದು.

ಊರು ಅವರ ಮೇಲೆ ತಿರುಗಿಬಿತ್ತು. ನಿಶ್ಚಯವಾಗಿದ್ದ ಹುಡುಗಿ ಒಮ್ಮೆಲೇ ಹದಿನಾರರವಳಾದರೆ ಯಾವ ತಂದೆ ಸುಮ್ಮನಿರುತ್ತಾನೆ? "ತಾನ ಬರದು ತಾನ ಅಳಸ್ತಾಳ, ಮುದುಕಿಗೆ ತಲಿ ಕೆಟ್ಟೈತಿ" ಅಂದರು. ಪೊಲೀಸ್ ಭರ್ತಿಗೆ ಓಡುತ್ತಿದ್ದ ಹುಡುಗರ ಮನೆಯವರು, ತಮ್ಮ ತಾರೀಖಿಗೂ ಕೈ ಹಾಕುತ್ತಾರೆಂದು ಎಸ್‌ಟಿಯಿಂದ ಇಳಿಯಲೂ ಬಿಡಲಿಲ್ಲ ಒಂದು ದಿನ. ಕಟ್ಟೆಯ ಮೇಲಿನ ಹಲಗೆ ಮಾಯವಾಯಿತು. ವಾರದ ಮೇಲೆ ಯಾರದೋ ಹಟ್ಟಿಯಲ್ಲಿ ಕುರಿಮರಿ ಹೊರಬರದಂತೆ ಅಡ್ಡ ಇಟ್ಟದ್ದು ಕಂಡಿತು. ಕಟ್ಟೆಗೆ ಬರುತ್ತಿದ್ದ ಹುಡುಗಿಯರಲ್ಲಿ ಮೂವರು ಉಳಿದರು. ಅವರಿಗೆ ಕಟ್ಟೆಯ ಕಲ್ಲಿನ ಮೇಲೆಯೇ ಸುಣ್ಣದ ಕಡ್ಡಿಯಿಂದ ಬರೆದು ಕಲಿಸಿದರು. ಇಷ್ಟೆಲ್ಲ ಮಾಡಿ ಫಲವೇನು? ನಾಲ್ಕು ತಾರೀಖು ತಿದ್ದುಪಡಿಯಾದವು. ನಾಲ್ವರಲ್ಲಿ ಒಬ್ಬಳ ಮದುವೆ ನಿಂತಿತು. ಉಳಿದ ಮೂವರನ್ನು ಗಡಿಯಾಚೆ ಯಾವುದೋ ಗುಡಿಗೆ ಕರೆದುಕೊಂಡು ಹೋಗಿ ತಾಳಿ ಕಟ್ಟಿಸಿಕೊಂಡು ಬಂದರು. ದೇವರು ತಾರೀಖು ಕೇಳುವುದಿಲ್ಲವಲ್ಲ.

ತಂಗಿಯ ಕೂಸನ್ನು ನಾನೇ ಇಟ್ಟುಕೊಂಡೆ. ಮಗನಿಗೆ ಒಂದು ಎದೆ, ಅವಳಿಗೆ ಒಂದು ಎದೆ. ಮೈದುನ ಬೇರೆ ಮದುವೆಯಾದ. ಕೂಸಿಗೆ ವರ್ಷ ತುಂಬಿದ ಹೊತ್ತಿಗೆ ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಅಕ್ಕೋರು ಎದುರಾದರು. ಎಷ್ಟು ಇಳಿದಿದ್ದರು! ಎಡಗಾಲಿಗೆ ಬಟ್ಟೆ ಸುತ್ತಿತ್ತು. ಸಕ್ಕರೆ ಕಾಯಿಲೆ, ನಡೆದು ನಡೆದು ಗಾಯವಾಗಿ ಮಾಯುತ್ತಿರಲಿಲ್ಲ. ನಾನು ತಿರುಗಿ ಹೋಗಬೇಕೆಂದಿದ್ದೆ. ಕೂಸು ಅವರ ಕನ್ನಡಕಕ್ಕೆ ಕೈ ಚಾಚಿತು.

"ಇದು ಹುಟ್ಟಿದ ತಾರೀಖ ಏನು?" ಎಂದು ಕೇಳಿದರು. ಹೇಗಿದ್ದೀ ಎಂದಲ್ಲ, ಕ್ಷಮಿಸು ಎಂದಲ್ಲ.

"ಸಂಕ್ರಾಂತಿ ಮರುದಿನ."

"ದಾಖಲಾ ತಗೊಂಡೀ?"

"ಇಲ್ಲ."

"ನಾಳಿ ತರ್ತೀನಿ" ಅಂದವರು ತಾವೇ ತಡೆದು, "ನಾಳಿ ಅಂದ್ರ ಶುಕ್ರವಾರ" ಅಂದರು. ಸ್ಟ್ಯಾಂಡು ಅಂತಲೂ ನೋಡದೆ ನಾನು ಅತ್ತುಬಿಟ್ಟೆ.

ಆ ಕಾಲು ಎಳೆದುಕೊಂಡು ಸೋಲಾಪುರದ ಕಚೇರಿಗೆ ಮೂರು ಸಲ ಅಲೆದು ಜನ್ಮದಾಖಲೆ ತಂದರು. ಅದರಲ್ಲಿ ತಾಯಿಯ ವಯಸ್ಸು ಹತ್ತೊಂಬತ್ತು ಎಂದಿತ್ತು. ಅಕ್ಕೋರು ಅದರ ಮೇಲೆ ಬೆರಳಿಟ್ಟು ಹೇಳಿದರು, "ಇದು ಸುಳ್ಳು, ನನ್ನದು. ಕೆಳಗಿಂದು ಖರೇ ಅದ, ಹುಡುಗಿದು. ಇದನ್ನ ಯಾರ ಕೈಗೂ ಕೊಡಬ್ಯಾಡ." ಅಲ್ಲಿಂದ ಮುಂದೆ ನನ್ನ ಹಿಂದೆ ಬಿದ್ದರು. ಹನ್ನೆರಡನೆಯದು ಕಟ್ಟಿಸಿದರು, ಅಂಗನವಾಡಿಯ ಅರ್ಜಿ ತುಂಬಿಸಿದರು. ಈಗ ನಮ್ಮೂರಿನ ಅಂಗನವಾಡಿ ನನ್ನದು. ಕೂಸು ಹುಟ್ಟಿದ ದಿನವೇ ಮನೆಗೆ ಹೋಗಿ ತಾರೀಖು ಬರೆದುಕೊಳ್ಳುತ್ತೇನೆ. ಬಾಣಂತಿಯರು ನಗುತ್ತಾರೆ, "ಹೊಕ್ಕಳ ಕೊಯ್ಯೂದ್ರಾಗ ಬಂದ್ಯಲ್ಲ ತಾಯಿ" ಎಂದು.

ಹೋದ ಬೇಸಿಗೆಯಲ್ಲಿ ಅಕ್ಕೋರ ಗಂಡನ ಫೋನು ಬಂತು. "ನಿನ್ನ ನೆನಸಾಕತ್ತಾಳ, ಬಂದು ಹೋಗವಾ" ಅಂದರು. ಕಾಲನ್ನು ಮೊಣಕಾಲಿನ ತನಕ ತೆಗೆದಿದ್ದರು. ಅದೂ ತಡೆಯಲಿಲ್ಲ, ವಿಷ ಮೇಲೇರಿತ್ತು. ಮಂಚದ ಮೇಲೆ ಮಗುವಿನಷ್ಟಾಗಿ ಮಲಗಿದ್ದರು. ತಲೆದಿಂಬಿನ ಬಳಿ ಆ ಉದ್ದ ನೋಟುಬುಕ್ಕು. "ಮೊದಲನೇ ಪಾನ ತೆಗಿ" ಅಂದರು. ತೆಗೆದೆ. ಮೊದಲನೆಯ ಹೆಸರು ನನ್ನ ತಂಗಿಯದು. ಸುಳ್ಳು ತಾರೀಖಿನ ಮನೆಯಲ್ಲಿ ಜೂನ್ ಒಂದು. ಖರೇ ತಾರೀಖಿನ ಮನೆ ಖಾಲಿ.

"ನಿಮ್ಮ ಆಯಿನ್ನ ಕೇಳ್ದೆ, ಸಾಯೂಕಿಂತ ಮೊದಲ. ನಿಮ್ಮವ್ವನ್ನ ಕೇಳ್ದೆ. ಶೇಂಗಾ ಕೀಳೂ ಮುಂದ ಅಂದ್ಳು, ಯಾವ ದಿನ ಅಂದ್ರ ಹೇಳಾಕ ಬರಲಿಲ್ಲ. ಎಲ್ಲಾರದೂ ಏನರ ಸಿಕ್ಕೈತಿ. ಇದೊಂದ ಸಿಗಲಿಲ್ಲ. ನಿನಗೇನರ ನೆನಪೈತೇನ?"

ಎರಡು ವರ್ಷದವಳು ನಾನಾಗ. ನನಗೇನು ನೆನಪಿರುತ್ತದೆ? ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಸುಳ್ಳು ಹೇಳಿ ಒಂದು ತಾರೀಖು ಕೊಟ್ಟಿದ್ದರೆ ಸಮಾಧಾನದಿಂದ ಹೋಗುತ್ತಿದ್ದರೇನೋ. ಅವರಿಗೆ ಸುಳ್ಳು ತಾರೀಖು ಕೊಡಲು ನನಗೆ ಆಗಲಿಲ್ಲ. "ಹಂಗಾರ ಖಾಲಿನ ಇರ್ಲಿ" ಅಂದರು. ಅವರ ಕೈ ಹಿಡಿದುಕೊಂಡು ಕುಳಿತೆ. ಬೆರಳಿನ ಗಂಟು ಹಾಗೇ ಇತ್ತು, ನೀಲಿ ಮಾತ್ರ ಮಾಸಿತ್ತು. ಮೂರು ದಿನದ ಮೇಲೆ ಹೋದರು. ನಮ್ಮೂರಿಂದ ಮಣ್ಣಿಗೆ ಹೋದದ್ದು ನಾನು, ಅಪ್ಪ, ಮತ್ತು ಮದುವೆ ನಿಂತ ಆ ಒಬ್ಬ ಹುಡುಗಿ. ಅಪ್ಪ ಹಿಡಿ ಮಣ್ಣು ಹಾಕುವಾಗ ಮೆಲ್ಲಗೆ "ಹಾಜರ್ರಿ ಅಕ್ಕೋರ" ಅಂದ. ಯಾರೂ ನಗಲಿಲ್ಲ.

ಈ ಜೂನಿನಲ್ಲಿ ಮಕ್ಕಳ ಹೆಸರು ಹಚ್ಚಲು ಸಾಲೆಗೆ ಹೋದೆ. ಮಗನಿಗೆ ದೀಪಾವಳಿಗೆ ಆರು ತುಂಬುತ್ತದೆ, ಅವನದು ಆಯಿತು. ಹುಡುಗಿಗೆ ಸಂಕ್ರಾಂತಿ ಮರುದಿನ. ಈಗಿನ ನಿಯಮದಂತೆ ಡಿಸೆಂಬರ್ ಕೊನೆಗೆ ಆರು ಆಗಿರಬೇಕು. ಹದಿನೈದು ದಿನ ಕಡಿಮೆ. ಹೆಡ್‌ಮಾಸ್ತರು ಒಳ್ಳೆಯ ಮನುಷ್ಯ, ದೂರದಿಂದ ಬಂದು ಕನ್ನಡ ಸಾಲೆ ಉಳಿಸಲು ಒದ್ದಾಡುತ್ತಿರುವವರು. ದನಿ ತಗ್ಗಿಸಿ ಹೇಳಿದರು:

"ಬರೇ ಹದಿನೈದು ದಿನದ ಮಾತು ತಂಗಿ. ಜನ್ಮದಾಖಲಾ ಇಲ್ಲಂತ ಒಂದು ಬರದು ಕೊಡು, ನಾ ಜೂನ್ ಒಂದು ಹಾಕ್ತೀನಿ. ಅಣ್ಣ ತಂಗಿ ಒಂದ ವರ್ಗದಾಗ ಕುಂದರ್ತಾವ. ನನಗೂ ಪಟಸಂಖ್ಯಾ ಒಂದು ಕಡಿಮಿ ಬಿದ್ದದ, ಇಲ್ಲಂದ್ರ ಒಬ್ಬ ಮಾಸ್ತರನ್ನ ಎತ್ತತಾರ. ಒಂದು ವರ್ಷ ಯಾಕ ಹಾಳ ಮಾಡ್ತಿ?"

ಅವರ ಪೆನ್ನು ರಜಿಸ್ಟರಿನ ಮೇಲೆ ಇತ್ತು. ಹುಡುಗಿ ನನ್ನ ಸೆರಗು ಹಿಡಿದು, ಅಣ್ಣನ ಹೊಸ ಚೀಲ ನೋಡುತ್ತ ನಿಂತಿದ್ದಳು. ನಾನು ಚೀಲದಿಂದ ಜನ್ಮದಾಖಲೆ ತೆಗೆದು ಅವರ ಮುಂದೆ ಬಿಡಿಸಿಟ್ಟೆ.

"ದಾಖಲಾ ಅದ್ರಿ ಸರ. ಮುಂದಿನ ವರ್ಷ ಬರ್ತೀವಿ."

ಅವರು ಪೆನ್ನಿನ ಟೋಪಿ ಹಾಕಿದರು. ಸ್ವಲ್ಪ ಸಿಟ್ಟಾದರು. ಮಾಸ್ತರನನ್ನು ಎತ್ತಿದರೆ ಅದಕ್ಕೆ ನಾನೂ ಕಾರಣ, ಗೊತ್ತಿದೆ ನನಗೆ. ಹೊರಗೆ ಬಂದ ಕೂಡಲೇ ಹುಡುಗಿ ಸಾಲೆ ಬೇಕು ಎಂದು ದಾರಿಯಲ್ಲೇ ಕುಳಿತು ರಂಪ ಮಾಡಿದಳು. ಬೈದೆ, ಪುಸಲಾಯಿಸಿದೆ, ಕೇಳಲಿಲ್ಲ. ಕೊನೆಗೆ ಬಗ್ಗಿ ಕಂಕುಳಲ್ಲಿ ಎತ್ತಿಕೊಂಡೆ. ಬೀರೋಬನ ಕಟ್ಟೆ ದಾಟುವಷ್ಟರಲ್ಲಿ ಅತ್ತು ಅತ್ತು ಹೆಗಲ ಮೇಲೆಯೇ ನಿದ್ದೆ ಹೋದಳು. ಭಾರವಿದ್ದಳು, ಆದರೂ ಇಳಿಸಲಿಲ್ಲ. ಅವಳದು ಇನ್ನೂ ಎತ್ತಿಕೊಳ್ಳುವ ವಯಸ್ಸು.